ತೋಟದ ಇಲಿಗಳನ್ನು ಗುರುತಿಸಿ ತಿಳಿಯುವುದು ಹೇಗೆ: ಗದ್ದೆಯ ಬಿಲದಿಂದ ತೆಂಗಿನ ತುದಿಯವರೆಗೆ

ಬೆಳಿಗ್ಗೆ ತೋಟಕ್ಕೆ ಹೋದರೆ ತೆಂಗಿನ ಬುಡದಲ್ಲಿ ಏಳೆಂಟು ಎಳೆಯ ಕಾಯಿ ಬಿದ್ದಿದ್ದವು. ಒಂದೊಂದನ್ನೂ ಎತ್ತಿ ನೋಡಿದೆ. ತೊಟ್ಟಿನ ಹತ್ತಿರ ಒಂದು ತೂತು, ಒಳಗೆ ನೀರೂ ಇಲ್ಲ, ತಿರುಳೂ ಇಲ್ಲ. ಅದೇ ಮರದಿಂದ ನಾಲ್ಕು ಮಾರು ದೂರದಲ್ಲಿ ಒಂದು ದೊಡ್ಡ ಬಿಲ ಇತ್ತು. ನಾನು ಎರಡನ್ನೂ ಜೋಡಿಸಿ ಲೆಕ್ಕ ಹಾಕಿದೆ. ಎರಡು ಮಳೆಗಾಲ ಆ ಬಿಲಕ್ಕೆ ನೀರು ಹೊಯ್ದೆ, ಹೊಗೆ ಹಾಕಿದೆ, ವಿಷ ಇಟ್ಟೆ. ಕಾಯಿ ಬೀಳುವುದು ನಿಲ್ಲಲೇ ಇಲ್ಲ. ಕೊನೆಗೊಮ್ಮೆ ಕಾಯಿ ಕೊಯ್ಯಲು ಬಂದ ಅಣ್ಣ ಮರದ ಮೇಲಿಂದಲೇ ಕೂಗಿದರು: "ಭಟ್ರೇ, ಇಲ್ಲಿ ಮಡಲಿನ ಸಂದಿಯಲ್ಲಿ ಗೂಡು ಉಂಟು, ನಾಲ್ಕು ಮರಿ ಉಂಟು, ನೀವು ಕೆಳಗೆ ಯಾರನ್ನು ಹುಡುಕುವುದು?"

ಬಿಲದಲ್ಲಿದ್ದದ್ದು ಹೆಗ್ಗಣ. ಕಾಯಿ ತಿನ್ನುತ್ತಿದ್ದದ್ದು ಮರದಲ್ಲೇ ಹುಟ್ಟಿ ಮರದಲ್ಲೇ ಬೆಳೆಯುವ ಬೇರೆ ಇಲಿ. ಎರಡರ ಊಟ ಬೇರೆ, ಮನೆ ಬೇರೆ, ಓಡಾಡುವ ದಾರಿ ಬೇರೆ. ಇದು ಗೊತ್ತಿಲ್ಲದೆ ಎರಡು ವರ್ಷ ದುಡ್ಡು ಹಾಳು ಮಾಡಿದೆ, ಅದಕ್ಕಿಂತ ಜಾಸ್ತಿ ಬೇಸರ ಎಂದರೆ ಏನೂ ತಪ್ಪು ಮಾಡದ ಜೀವಗಳನ್ನು ಕೊಂದೆ. ಆಮೇಲೆ ಮೊದಲು ನೋಡುವುದು, ಉಳಿದದ್ದೆಲ್ಲ ಆಮೇಲೆ ಎಂದು ತೀರ್ಮಾನಿಸಿದೆ. ಹಾಗೆ ನೋಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಕಡೆ ನಮ್ಮ ಹಾಗೆ ಸ್ವಲ್ಪ ಅಡಿಕೆ, ಸ್ವಲ್ಪ ತೆಂಗು, ಕೆಳಗೆ ಒಂದಿಷ್ಟು ಗದ್ದೆ, ಮೇಲೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡೆ ಇರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು: ಯಾರು ಇಲಿ, ಯಾರು ಅಲ್ಲ

ಹಲ್ಲಿನಿಂದ ಶುರು ಮಾಡಿ. ಇಲಿ ಜಾತಿಗೆ ಮೇಲೆ ಎರಡು, ಕೆಳಗೆ ಎರಡು ಉದ್ದದ ಬಾಚಿಹಲ್ಲು. ಕೋರೆಹಲ್ಲು ಇಲ್ಲ. ಬಾಚಿಹಲ್ಲು ಕಳೆದ ಮೇಲೆ ಒಂದಷ್ಟು ಜಾಗ ಖಾಲಿ, ಅದರ ಹಿಂದೆ ದವಡೆ ಹಲ್ಲು. ಬಾಚಿಹಲ್ಲಿನ ಎದುರು ಭಾಗಕ್ಕೆ ಮಾತ್ರ ಗಟ್ಟಿ ಹೊದಿಕೆ ಇದೆ, ಹಿಂದಿನ ಭಾಗ ಮೆತ್ತಗೆ. ಕಚ್ಚಿದಷ್ಟೂ ಹಿಂದಿನ ಭಾಗ ಬೇಗ ಸವೆದು ಎದುರು ಭಾಗ ಉಳಿಯ ಹಾಗೆ ಹರಿತವಾಗಿ ಉಳಿಯುತ್ತದೆ. ಈ ಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ. ದೊಡ್ಡ ಇಲಿಗೆ ಸವೆಯದೆ ಇದ್ದರೆ ವರ್ಷಕ್ಕೆ 10 ಸೆಂಟಿಮೀಟರಿಗಿಂತ ಹೆಚ್ಚು ಉದ್ದವಾದೀತು. ಹಾಗಾಗಿ ಅದು ವಯರು, ಪೈಪು, ಮಾಡಿನ ಪಕ್ಕಾಸಿನ ಮರ ಎಲ್ಲವನ್ನೂ ಕಡಿಯುತ್ತದೆ. ಸುಮ್ನೆ ನಮ್ಮ ಮೇಲಿನ ದ್ವೇಷಕ್ಕೆ ಅಲ್ಲ ಅಲ್ವಾ?

ಈ ಲೆಕ್ಕದಲ್ಲಿ ಅಳಿಲು ಇಲಿಯ ನೆಂಟ. ಮುಳ್ಳುಹಂದಿಯೂ ನೆಂಟನೇ. ಮೊಲ ಅಲ್ಲ, ಅದಕ್ಕೆ ಮೇಲಿನ ಬಾಚಿಹಲ್ಲಿನ ಹಿಂದೆ ಇನ್ನೊಂದು ಜೊತೆ ಚಿಕ್ಕ ಹಲ್ಲಿದೆ. ಹೆಚ್ಚಿನವರು ತಪ್ಪು ತಿಳಿಯುವುದು ಮೂಗು ಉದ್ದ ಇರುವ, ಗಬ್ಬು ವಾಸನೆಯ, ರಾತ್ರಿ ಗೋಡೆ ಬದಿಯಲ್ಲಿ ಚೀಂಚೀಂ ಎಂದು ಓಡುವ ಮೂಗಿಲಿಯನ್ನು. ಮಲಯಾಳದವರು ಇದಕ್ಕೆ ನಚ್ಚೆಲಿ ಎನ್ನುತ್ತಾರೆ. ಹೆಸರಲ್ಲಿ ಇಲಿ ಇದ್ದರೂ ಇದು ಇಲಿ ಜಾತಿಯೇ ಅಲ್ಲ. ಬಾಯಿ ತುಂಬ ಚೂಪು ಹಲ್ಲು, ಜಿರಳೆ, ಹುಳ, ಎರೆಹುಳ ಇದರ ಮುಖ್ಯ ಊಟ. ಇದನ್ನು ಹೊಡೆಯಬೇಡಿ. ಮನೆಯ ಜಿರಳೆ ತಿನ್ನುವವನನ್ನು ಕೊಂದು ನಮಗೆ ಏನೂ ಸಿಗುವುದಿಲ್ಲ.

ನಿಮ್ಮ ಜಾಗದಲ್ಲಿರುವವರ ಪರಿಚಯ ಮಾಡಿಕೊಳ್ಳಿ

ಇಲಿ ಎಂದರೆ ಒಂದೇ ಜಾತಿ ಎಂದುಕೊಂಡರೆ ಮುಂದೆ ಏನೂ ಅರ್ಥವಾಗುವುದಿಲ್ಲ. ನಮ್ಮ ಜಾಗದಲ್ಲಿ ಸಾಮಾನ್ಯವಾಗಿ ಸಿಗುವವರು ಇವರು.

ದೊಡ್ಡ ಹೆಗ್ಗಣ. ತುಳುವಿನಲ್ಲಿ ಪೆರ್ಗುಡೆ, ಮಲಯಾಳದಲ್ಲಿ ಪೆರುಚ್ಚಾಳಿ. ಚೆನ್ನಾಗಿ ಬೆಳೆದದ್ದು ಒಂದು ಕಿಲೋ ಹತ್ತಿರ ತೂಗಬಹುದು. ಹಟ್ಟಿಯ ಅಡಿ, ಗೊಬ್ಬರದ ಗುಂಡಿ, ಬಚ್ಚಲು ನೀರು ಹರಿಯುವ ಚರಂಡಿ, ಪಾಗಾರದ ಕಲ್ಲಿನ ಸಂದಿ ಇದರ ಜಾಗ. ಮರಗೆಣಸು, ಕೆಸು, ತೆಂಗಿನ ಸಸಿಯ ಬುಡ ಇದಕ್ಕೆ ಇಷ್ಟ.

ಗದ್ದೆ ಹೆಗ್ಗಣ. ಇದು ದೊಡ್ಡದರ ಮರಿ ಅಲ್ಲ, ಬೇರೆ ಜಾತಿ. 200ರಿಂದ 300 ಗ್ರಾಂ. ಬಾಲ ಮೈಗಿಂತ ಗಿಡ್ಡ, ಮೂತಿ ಮೊಂಡು. ಇದರಷ್ಟು ಮಣ್ಣು ತೋಡುವವರು ಇನ್ನೊಬ್ಬರಿಲ್ಲ. ಭತ್ತದ ತೆನೆಯನ್ನು ಕತ್ತರಿಸಿ ಬಿಲದೊಳಗೆ ಕೂಡಿಡುವುದು ಇದೇ. ಎದುರು ನಿಂತರೆ ಹಂದಿಯ ಹಾಗೆ ಗುರುಗುಟ್ಟುತ್ತದೆ. ಇಂಗ್ಲಿಷಿನ ಬ್ಯಾಂಡಿಕೂಟ್ ಎಂಬ ಹೆಸರು ಬಂದದ್ದು ತೆಲುಗಿನ ಪಂದಿಕೊಕ್ಕು ಎಂಬ ಮಾತಿನಿಂದ. ಹಂದಿ ಇಲಿ ಎಂದು ಅದರ ಅರ್ಥ. ಹೆಸರಿಟ್ಟವರು ಆ ಸದ್ದನ್ನು ಕಿವಿಯಾರೆ ಕೇಳಿದವರೇ ಇರಬೇಕು.

ಮರದ ಇಲಿ. ಮನೆಯ ಅಟ್ಟದಲ್ಲಿ ಓಡುವ ಕಪ್ಪು ಇಲಿಯ ಜಾತಿಯೇ ಇದು, ಆದರೆ ಪಶ್ಚಿಮ ಕರಾವಳಿಯ ತೋಟಗಳಲ್ಲಿ ಹೊಟ್ಟೆ ಬೆಳ್ಳಗಿರುವ ಬಗೆ ಮರದ ಮೇಲೆಯೇ ನೆಲೆ ನಿಂತಿದೆ. ಬಾಲ ಮೈಗಿಂತ ಉದ್ದ, ಕಿವಿ ದೊಡ್ಡದು, ಮೈ ತೆಳ್ಳಗೆ. ಒಂದು ತೆಂಗಿನ ಮಡಲಿನಿಂದ (ಗರಿಯಿಂದ) ಇನ್ನೊಂದರ ಮಡಲಿಗೆ ದಾಟಿ ನೆಲಕ್ಕೆ ಇಳಿಯದೆಯೇ ತೋಟ ಸುತ್ತುತ್ತದೆ. ತೆಂಗು, ಕೊಕ್ಕೋ, ಬಾಳೆ ಮೂರಕ್ಕೂ ಬರುತ್ತದೆ.

ಚಿಟ್ಟಿಲಿ. ಗದ್ದೆಯ ಹುಣಿಯಲ್ಲಿ (ಬದುವಿನಲ್ಲಿ) ಇರುವ ಹೊಲದ ಚಿಟ್ಟಿಲಿ 10 ಗ್ರಾಂ ಆಸುಪಾಸು, ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು. ಮನೆಯೊಳಗಿನ ಸಣ್ಣ ಇಲಿ ಅದರ ಹತ್ತಿರದ ಇನ್ನೊಂದು ಜಾತಿ. ಗುಡ್ಡೆಯ ಕಲ್ಲುನೆಲದಲ್ಲಿ ಮೂರನೆಯದು ಸಿಗಬಹುದು, ಬೆನ್ನಿನ ಕೂದಲು ಮುಳ್ಳಿನ ಹಾಗೆ ಒರಟು. ಬಿಲದ ಬಾಯಿಗೆ ಸಣ್ಣ ಸಣ್ಣ ಕಲ್ಲು ತಂದು ಹರಡುವ ಅಭ್ಯಾಸ ಇದಕ್ಕಿದೆ. ಮುರಕಲ್ಲಿನ ಗುಡ್ಡೆಯಲ್ಲಿ ಒಂದೇ ಅಳತೆಯ ಹರಳು ಒಂದೇ ಕಡೆ ರಾಶಿ ಬಿದ್ದಿದ್ದರೆ ಬಗ್ಗಿ ನೋಡಿ.

ಇನ್ನು ಅಪರೂಪಕ್ಕೆ ಕಣ್ಣಿಗೆ ಬೀಳುವವರು. ಪೊದೆಯಲ್ಲಿ ಹುಲ್ಲಿನ ಉಂಡೆಯಂಥ ಗೂಡು ಕಟ್ಟುವ ಗುಲಂಡಿ. ಇದರ ಮೇಲಿನ ಬಾಚಿಹಲ್ಲಿನ ಮೇಲೆ ಉದ್ದಕ್ಕೆ ಒಂದು ಗೀರು ಇರುತ್ತದೆ. 19ನೇ ಶತಮಾನದಲ್ಲಿ ಧಾರವಾಡದ ಕಡೆ ಕೆಲಸದಲ್ಲಿದ್ದ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಪ್ರಾಣಿಗಳ ಜೊತೆ ಅವುಗಳ ಕನ್ನಡ ಹೆಸರನ್ನೂ ಬರೆದಿಟ್ಟರು. ನಮ್ಮ ಗುಲಂಡಿಯೇ ಗೊಲುಂಡಾ ಎಂದಾಗಿ ಇವತ್ತಿಗೂ ವಿಜ್ಞಾನದ ಪುಸ್ತಕದಲ್ಲಿ ಕೂತಿದೆ. ನನಗೆ ಇದು ತುಂಬಾ ಖುಷಿ ಕೊಟ್ಟ ವಿಷಯ, ಅದಕ್ಕೇ ಹೇಳಿದೆ. ಬಿದಿರು, ಬಳ್ಳಿಗಳಲ್ಲಿ ಹತ್ತುವ ಉದ್ದ ಬಾಲದ ಪುಟ್ಟ ಇಲಿಯೂ ಇದೆ, ಅದರ ಕಾಲಿನ ಹೆಬ್ಬೆರಳು ಮತ್ತು ಕಿರುಬೆರಳಿಗೆ ಚೂಪು ಉಗುರಿನ ಬದಲು ನಮ್ಮ ಹಾಗೆ ಚಪ್ಪಟೆ ಉಗುರು. ಘಟ್ಟದ ಕಾಡಿನಲ್ಲಿ ಮುಳ್ಳಿಲಿ ಇದೆ, ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಬಾಲದ ತುದಿ ಕುಂಚದ ಹಾಗೆ, ಬಿಳಿ. ಮರದ ಪೊಟರೆಯಲ್ಲಿ ವಾಸ. ಹಣ್ಣು, ಕಾಳುಮೆಣಸು ತಿನ್ನುತ್ತದೆ. ಕಾಡಿನ ಅಂಚಿನ ತೋಟದವರು ಇದನ್ನು ಕಂಡರೆ ದಯವಿಟ್ಟು ಅದರ ಪಾಡಿಗೆ ಬಿಡಿ.

ಕೈ ಹಾಕುವ ಮೊದಲು

ಇಲಿ ಜ್ವರದ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಇಟ್ಟರೆ ಯಾರೂ ಓದುವುದಿಲ್ಲ. ಇದರ ರೋಗಾಣು ಇಲಿಯ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡು ಇರುತ್ತದೆ. ಇಲಿಗೆ ಏನೂ ತೊಂದರೆ ಕಾಣುವುದಿಲ್ಲ, ಆದರೆ ಅದರ ಮೂತ್ರದಲ್ಲಿ ತಿಂಗಳುಗಟ್ಟಲೆ ಹೊರಗೆ ಬರುತ್ತಲೇ ಇರುತ್ತದೆ. ಒದ್ದೆ ಮಣ್ಣು, ನಿಂತ ನೀರು, ತೋಟದ ಕಣಿಯ (ಕಾಲುವೆಯ) ಕೆಸರು ಇದಕ್ಕೆ ಹೇಳಿ ಮಾಡಿಸಿದ ಜಾಗ. ನಮ್ಮ ಕಾಲಿನ ಸಣ್ಣ ಗಾಯ, ಬಿರುಕು ಬಿಟ್ಟ ಹಿಮ್ಮಡಿ, ಕಣ್ಣು, ಬಾಯಿ ಮೂಲಕ ಒಳಗೆ ಹೋಗುತ್ತದೆ. ಜೋರು ಜ್ವರ, ಮೀನಖಂಡದಲ್ಲಿ ತಡೆಯಲಾಗದ ನೋವು, ಕಣ್ಣು ಕೆಂಪು. ಈ ಮೂರು ಒಟ್ಟಿಗೆ ಬಂದರೆ ಕಷಾಯ ಕುಡಿದು ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ, ನಾನು ತೋಟದ ಕೆಸರಿನಲ್ಲಿ ಕೆಲಸ ಮಾಡುತ್ತೇನೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬೇಗ ಹಿಡಿದರೆ ಸಾಮಾನ್ಯ ಆಂಟಿಬಯಾಟಿಕ್‌ನಲ್ಲಿ ಗುಣವಾಗುತ್ತದೆ, ತಡವಾದರೆ ಕಿಡ್ನಿ, ಲಿವರಿಗೆ ಏರುತ್ತದೆ. ಮಳೆಗಾಲದಲ್ಲಿ ಕೆಸರಿಗೆ ಇಳಿಯುವವರಿಗೆ ಮುಂಚಿತವಾಗಿ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಸ್ವಂತ ಬುದ್ಧಿಯಿಂದ ನುಂಗಬೇಡಿ.

ಬೇಕಾದ ಸಾಮಾನು ಸ್ವಲ್ಪವೇ. ರಬ್ಬರ್ ಗ್ಲೌಸ್, ಗಂಬೂಟು, ಒಂದು ಸ್ಕೇಲು, ಟಾರ್ಚು, ಅದರ ಮುಂದೆ ಕಟ್ಟಲು ಬೆಳಕು ದಾಟುವ ಕೆಂಪು ಗ್ಲಾಸ್ ಪೇಪರು, ಒಲೆಯ ಬೂದಿ, ನಾಲ್ಕು ಹಳೆಯ ಹಂಚು, ಒಂದು ನೋಟ್ ಬುಕ್. ಬಿಲಕ್ಕೆ ಕೈ ತೂರಿಸುವುದು ಮಾತ್ರ ಯಾವತ್ತೂ ಬೇಡ. ಹೆಗ್ಗಣದ ಖಾಲಿ ಬಿಲ ನಾಗರಹಾವಿಗೂ ಕೇರೆಗೂ ಇಷ್ಟದ ಮನೆ.

ಬಿಲ ಓದುವುದು

ನಮ್ಮ ಕಡೆ ಮಾಟೆ ಎನ್ನುತ್ತೇವಲ್ಲ, ಅದರ ಬಾಯಿ ನೋಡಿದರೆ ಅರ್ಧ ಕತೆ ಗೊತ್ತಾಗುತ್ತದೆ.

ಬಾಯಿಯ ಎದುರು ಹೊಸ ಮಣ್ಣಿನ ದೊಡ್ಡ ರಾಶಿ, ಬಾಯಿಗೆ ಒಳಗಿನಿಂದ ಮಣ್ಣು ತುಂಬಿ ಮುಚ್ಚಿದ ಹಾಗೆ ಇದ್ದರೆ ಅದು ಗದ್ದೆ ಹೆಗ್ಗಣ. ಇದು ಹಗಲು ಒಳಗೆ ಮಲಗುವಾಗ ಬಾಗಿಲು ಹಾಕಿಕೊಳ್ಳುತ್ತದೆ. ಒಳಗೆ ಒಂದು ಉದ್ದ ದಾರಿ, ಅದರಿಂದ ಕವಲು, ಒಂದು ಗೂಡಿನ ಕೋಣೆ, ಒಂದೋ ಎರಡೋ ಕಣಜ. ತಪ್ಪಿಸಿಕೊಳ್ಳಲು ಬೇರೆ ಬಾಗಿಲೂ ಇರುತ್ತದೆ, ಮೇಲೆ ತೆಳ್ಳಗೆ ಮಣ್ಣು ಉಳಿಸಿರುತ್ತದೆ, ಅಪಾಯ ಬಂದರೆ ತಲೆಯಲ್ಲಿ ದೂಡಿ ಹಾರುತ್ತದೆ. ಬಿಲಕ್ಕೆ ನೀರು ಹೊಯ್ದಾಗ ಅದು ನಮ್ಮ ಬೆನ್ನ ಹಿಂದಿನಿಂದ ಓಡುವುದು ಹೀಗೆ. ದೊಡ್ಡ ಹೆಗ್ಗಣದ ಬಾಯಿ ಅಗಲ, ಸಾಮಾನ್ಯವಾಗಿ ತೆರೆದೇ ಇರುತ್ತದೆ, ಗೋಡೆ ಅಥವಾ ಕಲ್ಲಿನ ಆಸರೆಯಲ್ಲಿ. ಚಿಟ್ಟಿಲಿಯದ್ದು ಎರಡು ಮೂರು ಸೆಂಟಿಮೀಟರಿನ ಸಣ್ಣ ತೂತು, ಹುಣಿಯ ಬದಿಯಲ್ಲಿ, ಎದುರು ಪುಡಿ ಮಣ್ಣು. ಏಡಿಯ ತೂತಿನ ಜೊತೆ ಗೊಂದಲ ಆಗುವುದುಂಟು. ಏಡಿ ತೆಗೆದ ಮಣ್ಣು ಒದ್ದೆ ಉಂಡೆಯಾಗಿರುತ್ತದೆ, ಇಲಿ ತೆಗೆದದ್ದು ಉದುರು.

ಈಗ ಎಣಿಸುವ ಕೆಲಸ. ಸಂಜೆ ಐದಕ್ಕೆ ಒಂದು ತುಂಡು ಜಾಗ ಗುರುತು ಮಾಡಿಕೊಳ್ಳಿ, ಹತ್ತು ಸೆಂಟ್ಸ್ ಸಾಕು. ಅಲ್ಲಿರುವ ಎಲ್ಲ ಬಿಲದ ಬಾಯಿಗೂ ಮಣ್ಣು ಹಾಕಿ ಪಾದದಲ್ಲಿ ಮೆಲ್ಲಗೆ ಒತ್ತಿ, ಪ್ರತಿಯೊಂದರ ಹತ್ತಿರ ಒಂದು ಕಡ್ಡಿ ನೆಡಿ. ಮರುದಿನ ಸೂರ್ಯ ಹುಟ್ಟುವಾಗ ಹೋಗಿ ಎಷ್ಟು ತೆರೆದಿವೆ ಎಂದು ಬರೆದುಕೊಳ್ಳಿ. ತೆರೆದದ್ದರಲ್ಲಿ ಮಾತ್ರ ಜೀವ ಇದೆ. ನಾನು ಮೊದಲ ಸಲ 23 ಬಿಲ ಮುಚ್ಚಿದ್ದೆ, ಮರುದಿನ ತೆರೆದದ್ದು 4. ಉಳಿದದ್ದೆಲ್ಲ ಹಳೆಯ ಮನೆಗಳು, ನಾನು ಇಷ್ಟು ಕಾಲ ಖಾಲಿ ಮನೆಗೆ ವಿಷ ಹಂಚಿದ್ದೆ. ಒಂದು ಹೆಗ್ಗಣಕ್ಕೆ ಒಂದಕ್ಕಿಂತ ಹೆಚ್ಚು ಬಾಗಿಲು ಇರುತ್ತದೆ, ಹಾಗಾಗಿ 4 ಬಾಯಿ ಎಂದರೆ 4 ಹೆಗ್ಗಣ ಎಂದು ಲೆಕ್ಕ ಹಾಕಬೇಡಿ. ಗದ್ದೆ ಹೆಗ್ಗಣ ದೊಡ್ಡದಾದ ಮೇಲೆ ಹೆಚ್ಚಾಗಿ ಒಂಟಿ, ಬಿಲದಲ್ಲಿ ಗುಂಪು ಸಿಕ್ಕಿದರೆ ಅದು ತಾಯಿ ಮತ್ತು ಮರಿಗಳು.

ಹೆಜ್ಜೆ, ಹಿಕ್ಕೆ, ಕಚ್ಚಿದ ಗುರುತು

ಬೂದಿಯನ್ನು ಜರಡಿ ಹಿಡಿದು ಹಂಚಿನ ಮೇಲೆ ತೆಳ್ಳಗೆ ಹರಡಿ, ಗೋಡೆಯ ಬುಡದಲ್ಲಿ, ಕಣಿಯ ಪಕ್ಕದಲ್ಲಿ, ತೆಂಗಿನ ಬುಡದಲ್ಲಿ ಇಡಿ. ಮಳೆ ಇಲ್ಲದ ರಾತ್ರಿ ಬೇಕು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು ಮೂಡುತ್ತದೆ. ಮಧ್ಯದಲ್ಲಿ ಬಾಲ ಎಳೆದ ಗೆರೆ ಇರಬಹುದು. ಇಲಿ ಬಯಲಿನ ನಡುವೆ ಹೋಗುವುದಿಲ್ಲ, ಮೀಸೆ ಮತ್ತು ಮೈಯ ಕೂದಲು ಏನಕ್ಕಾದರೂ ತಾಗುತ್ತಿದ್ದರೆ ಮಾತ್ರ ಅದಕ್ಕೆ ಧೈರ್ಯ. ಅದೇ ದಾರಿಯಲ್ಲಿ ದಿನಾ ಓಡಿ ಓಡಿ ಗೋಡೆಯಲ್ಲಿ, ಪಕ್ಕಾಸಿನಲ್ಲಿ ಮೈಯ ಜಿಡ್ಡಿನ ಕಪ್ಪು ಪಟ್ಟಿ ಬಿದ್ದಿರುತ್ತದೆ. ಅಟ್ಟದಲ್ಲಿ ಅಡಿಕೆ ಗೋಣಿ ಇಟ್ಟವರು ಇದನ್ನು ನೋಡಿಯೇ ಇರುತ್ತೀರಿ.

ಹಿಕ್ಕೆ ಅಳೆಯಿರಿ. ಅಕ್ಕಿ ಕಾಳಿನಷ್ಟು ಅಥವಾ ಅದಕ್ಕಿಂತ ಸಣ್ಣದು ಚಿಟ್ಟಿಲಿ. ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಎರಡೂ ತುದಿ ಚೂಪಾದದ್ದು ಮರದ ಇಲಿ. ಎರಡು ಸೆಂಟಿಮೀಟರ್ ಹತ್ತಿರ ಅಥವಾ ಮೀರಿದ್ದು ದೊಡ್ಡ ಹೆಗ್ಗಣ. ಕೈಯಲ್ಲಿ ಮುಟ್ಟಬೇಡಿ, ಒಣಗಿದ್ದನ್ನು ಗುಡಿಸಿ ಧೂಳು ಎಬ್ಬಿಸಬೇಡಿ, ಮೊದಲು ನೀರು ಚಿಮುಕಿಸಿ.

ಕಚ್ಚಿದ ಗುರುತಿನಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ತೆಂಗಿನ ಎಳೆಕಾಯಿಯಲ್ಲಿ ತೊಟ್ಟಿನ ಹತ್ತಿರ ತೂತು ಇದ್ದರೆ ಮರದ ಇಲಿ. ಮೂರರಿಂದ ಆರು ತಿಂಗಳ ಕಾಯಿಯೇ ಅದಕ್ಕೆ ಬೇಕು, ಬಲಿತದ್ದರ ಹತ್ತಿರ ಕಡಿಮೆ ಹೋಗುತ್ತದೆ. ಕೊಕ್ಕೋ ಕಾಯಿಯಲ್ಲಿ ತೊಟ್ಟಿನ ಕಡೆ ಉರುಟು ತೂತು ಇಲಿಯದ್ದು, ಕಾಯಿಯ ನಡುವೆ ಕೊರೆದದ್ದು ಅಳಿಲಿನದ್ದು. ಅನುಮಾನ ಇದ್ದರೆ ಸಂಜೆ ಕತ್ತಲಾಗುವಾಗ ಒಮ್ಮೆ ನೋಡಿ, ಬೆಳಕು ಹರಿಯುವಾಗ ಒಮ್ಮೆ ನೋಡಿ. ಹೊಸ ತೂತು ರಾತ್ರಿ ಬಿದ್ದಿದ್ದರೆ ಇಲಿ, ಹಗಲು ಬಿದ್ದಿದ್ದರೆ ಅಳಿಲು. ಭತ್ತದ ಬುಡ ಓರೆಯಾಗಿ ಕತ್ತರಿಸಿದ್ದರೆ ಗದ್ದೆ ಹೆಗ್ಗಣ.

ರಾತ್ರಿ ಕಾಯುವುದು

ಇದಕ್ಕೆ ತಾಳ್ಮೆ ಒಂದೇ ಬೇಕಾದದ್ದು. ಅಮಾವಾಸ್ಯೆ ಹತ್ತಿರದ ರಾತ್ರಿ ಒಳ್ಳೆಯದು, ಬೆಳದಿಂಗಳಲ್ಲಿ ಗೂಬೆಯ ಹೆದರಿಕೆಗೆ ಇಲಿಗಳು ಬಯಲಿಗೆ ಕಡಿಮೆ ಬರುತ್ತವೆ. ಟಾರ್ಚಿಗೆ ಕೆಂಪು ಗ್ಲಾಸ್ ಪೇಪರು ಎರಡು ಪದರ ಕಟ್ಟಿ. ಕೆಂಪು ಬೆಳಕು ಇಲಿಯ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಕತ್ತಲಾದ ಮೇಲೆ ಮೊದಲ ಎರಡು ಗಂಟೆ ಓಡಾಟ ಜೋರು, ಬೆಳಗಿನ ಜಾವ ಇನ್ನೊಮ್ಮೆ. ಒಂದು ಜಾಗದಲ್ಲಿ ಸುಮ್ಮನೆ ಕುಳಿತು ಮಡಲು ಅಲುಗುವುದನ್ನು ನೋಡಿ. ನಮ್ಮ ತೋಟದಲ್ಲಿ ಮೂರನೇ ರಾತ್ರಿ ನಾನು ಒಂದು ಮರದ ಇಲಿಯನ್ನು ಐದು ಮರದವರೆಗೆ ಕಣ್ಣಲ್ಲೇ ಹಿಂಬಾಲಿಸಿದೆ. ಒಮ್ಮೆಯೂ ನೆಲಕ್ಕೆ ಇಳಿಯಲಿಲ್ಲ. ಬಾಲವನ್ನು ಆಚೆ ಈಚೆ ಬೀಸಿ ತೂಕ ಸರಿ ಮಾಡಿಕೊಳ್ಳುತ್ತಾ ಒಣಗಿದ ಮಡಲಿನ ತುದಿಯಲ್ಲಿ ಅದು ನಡೆದದ್ದನ್ನು ನೋಡಿದ ಮೇಲೆ ನನಗೆ ಅದರ ಮೇಲೆ ಸಿಟ್ಟಿಗಿಂತ ಬೆರಗೇ ಜಾಸ್ತಿ ಆಯಿತು, ಅದು ನಿಜ.

ಹೊಸ ವಸ್ತು ಕಂಡರೆ ದೊಡ್ಡ ಇಲಿಗಳಿಗೆ ಅನುಮಾನ. ಬೋನು ಇಟ್ಟ ಮೊದಲ ಮೂರು ನಾಲ್ಕು ದಿನ ಸುತ್ತ ಮುತ್ತ ಬರುವುದೇ ಇಲ್ಲ. ಹೊಸ ಊಟ ಸಿಕ್ಕಿದರೆ ಚೂರೇ ಚೂರು ತಿಂದು ಕಾಯುತ್ತದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದ ವಿಷವನ್ನು ಹೊರಗೆ ಹಾಕುವ ದಾರಿಯೇ ಇಲ್ಲ, ಹಾಗಾಗಿ ಈ ಎಚ್ಚರವೇ ಅದರ ಕಾವಲು. ಚಿಟ್ಟಿಲಿ ಹೀಗಲ್ಲ. ಹೊಸದು ಏನಿದ್ದರೂ ಮೂಸಿ ನೋಡಲು ಬರುತ್ತದೆ.

ಹುಟ್ಟಿನಿಂದ ಮುಂದಕ್ಕೆ

ನನಗೆ ಇಡೀ ವಿಷಯದಲ್ಲಿ ಹೆಚ್ಚು ಇಷ್ಟವಾದದ್ದು ಇದು. ಹೆಣ್ಣು ಗಬ್ಬ ಧರಿಸಿದ ಮೇಲೆ ಇಲಿ ಮತ್ತು ಹೆಗ್ಗಣಕ್ಕೆ ಮೂರು ವಾರದ ಆಸುಪಾಸು, 21ರಿಂದ 23 ದಿನ, ಚಿಟ್ಟಿಲಿಗೆ 19ರಿಂದ 21 ದಿನ. ಅಷ್ಟರಲ್ಲಿ ತಾಯಿ ಗೂಡು ಸಿದ್ಧ ಮಾಡುತ್ತದೆ. ಗದ್ದೆಯಲ್ಲಿ ಒಣ ಹುಲ್ಲು, ತೆಂಗಿನಲ್ಲಿ ನಾರು ಮತ್ತು ಸೀಳಿದ ಎಲೆ, ಅಟ್ಟದಲ್ಲಿ ನಮ್ಮ ಹಳೆ ಪಂಚೆ, ಗೋಣಿಯ ನಾರು.

ಒಂದು ಸೂಲಿಗೆ ಸಾಮಾನ್ಯವಾಗಿ ಐದರಿಂದ ಎಂಟು ಮರಿ, ಗದ್ದೆ ಹೆಗ್ಗಣಕ್ಕೆ ಹತ್ತರ ಮೇಲೂ ಹೋಗಬಹುದು. ಹುಟ್ಟಿದ ಮರಿಗೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಕಿವಿ ಮಡಚಿಕೊಂಡಿದೆ. ಚರ್ಮ ಎಷ್ಟು ತೆಳು ಎಂದರೆ ಕುಡಿದ ಹಾಲು ಹೊಟ್ಟೆಯಲ್ಲಿ ಬಿಳಿ ಪಟ್ಟಿಯಾಗಿ ಹೊರಗಿನಿಂದಲೇ ಕಾಣುತ್ತದೆ. ಗೂಡು ಸಿಕ್ಕಾಗ ಮರಿಯ ಹೊಟ್ಟೆಯಲ್ಲಿ ಆ ಬಿಳಿ ಇದ್ದರೆ ತಾಯಿ ಜೀವಂತ ಇದೆ, ಹತ್ತಿರದಲ್ಲೇ ಇದೆ. ಮೈ ಬಿಸಿ ಉಳಿಸಿಕೊಳ್ಳಲು ಅವಕ್ಕೆ ಬರುವುದಿಲ್ಲ, ಒಂದರ ಮೇಲೆ ಒಂದು ರಾಶಿ ಬಿದ್ದು ಮಲಗುತ್ತವೆ. ಗೂಡಿನಿಂದ ಹೊರಗೆ ಉರುಳಿದರೆ ಕೂಗುತ್ತವೆ, ಆದರೆ ಆ ಕೂಗು ನಮಗೆ ಕೇಳಿಸುವುದಿಲ್ಲ, ಮನುಷ್ಯರ ಕಿವಿಗೆ ಸಿಗದಷ್ಟು ಕೀರಲು. ತಾಯಿ ಓಡಿ ಬಂದು ಬಾಯಲ್ಲಿ ಕಚ್ಚಿ ಹೊತ್ತು ಒಳಗಿಡುತ್ತದೆ. ಮನುಷ್ಯ ಮುಟ್ಟಿದ ಗೂಡನ್ನು ರಾತ್ರಿಗೆ ರಾತ್ರಿಯೇ ಬದಲಾಯಿಸುವುದೂ ಉಂಟು.

ಒಂದು ವಾರದಲ್ಲಿ ಕೂದಲಿನ ನೆರಳು ಮೂಡುತ್ತದೆ. ಎರಡು ವಾರದ ಹತ್ತಿರ ಕಣ್ಣು ತೆರೆಯುತ್ತದೆ. ಆಮೇಲೆ ತಾಯಿಯ ಬಾಯಿ ಮೂಸಿ, ಅದು ಏನು ತಿಂದು ಬಂದಿದೆ ಎಂದು ವಾಸನೆಯಲ್ಲೇ ಕಲಿಯುತ್ತವೆ. ಯಾವುದು ತಿನ್ನಬಹುದು ಎಂಬ ಪಾಠ ಹೀಗೆ ಮುಂದಿನ ತಲೆಗೆ ದಾಟುತ್ತದೆ. ಮೂರರಿಂದ ನಾಲ್ಕು ವಾರಕ್ಕೆ ಹಾಲು ಬಿಡುತ್ತವೆ. ಚಿಟ್ಟಿಲಿ ಒಂದೂವರೆ ತಿಂಗಳಿಗೆ, ಇಲಿ ಮತ್ತು ಹೆಗ್ಗಣ ಎರಡರಿಂದ ನಾಲ್ಕು ತಿಂಗಳಿಗೆ ಸಂತಾನಕ್ಕೆ ಸಿದ್ಧ. ತಾಯಿಯಂತೂ ಹೆತ್ತ ಒಂದೆರಡು ದಿನದಲ್ಲೇ ಮತ್ತೆ ಗಬ್ಬ ಕಟ್ಟಬಹುದು, ಮಡಿಲಲ್ಲಿ ಒಂದು ಸೂಲು, ಹೊಟ್ಟೆಯಲ್ಲಿ ಇನ್ನೊಂದು.

ಹಾಗಾದರೆ ಪ್ರಪಂಚ ತುಂಬ ಇಲಿಯೇ ಆಗಬೇಕಿತ್ತಲ್ಲ? ಆಗುವುದಿಲ್ಲ. ಗೂಡಿನಲ್ಲೇ ಮಳೆ ನೀರಿಗೆ, ಇರುವೆಗೆ, ಹಾವಿಗೆ, ಹೊರಗಿನಿಂದ ಬಂದ ಗಂಡಿಗೆ ತುಂಬಾ ಮರಿ ಸಾಯುತ್ತವೆ. ಹೊರಗೆ ಬಂದ ಮೇಲೆ ಗೂಬೆ, ಕೇರೆ, ಮುಂಗುಸಿ, ಕಾಡುಬೆಕ್ಕು. ಕಾಡಿನಲ್ಲಿ, ಗದ್ದೆಯಲ್ಲಿ ಒಂದು ಇಲಿ ವರ್ಷ ಪೂರೈಸಿದರೆ ಅದು ಮುದಿ ಎಂದೇ ಲೆಕ್ಕ. ಸಂಖ್ಯೆ ಏರುವುದು ಊಟ ಒಮ್ಮೆಲೇ ಹೆಚ್ಚಾದಾಗ. ಇದರ ದೊಡ್ಡ ಉದಾಹರಣೆ ಮಿಜೋರಾಂ. ಅಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಬಿದಿರು ಗುಂಪಾಗಿ ಹೂ ಬಿಟ್ಟು ಕಾಯಿ ಉದುರಿಸುತ್ತದೆ, ಇಲಿಗಳು ತಿಂದು ಮರಿ ಹಾಕಿ ಹೆಚ್ಚುತ್ತವೆ, ಬಿದಿರ ಕಾಯಿ ಮುಗಿದ ಕೂಡಲೇ ಗದ್ದೆಗೆ ನುಗ್ಗುತ್ತವೆ. 1959ರ ಬರಗಾಲಕ್ಕೆ ಇದೇ ಕಾರಣ, 2006ರಿಂದ 2008ರ ನಡುವೆ ಮತ್ತೆ ಹಾಗೇ ಆಯಿತು.

ನಮ್ಮ ವರ್ಷದ ಲೆಕ್ಕ ಬರೆದಿಡಿ

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ಬೈಲಿನ ಬಿಲಗಳಿಗೆ ನೀರು ನುಗ್ಗುತ್ತದೆ. ಹೆಗ್ಗಣಗಳು ಹುಣಿಗೆ, ತೋಟದ ಎತ್ತರದ ಬದುವಿಗೆ, ಹಟ್ಟಿಗೆ ಏರುತ್ತವೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮನೆ ಸುತ್ತ ಹೆಗ್ಗಣ ಹೆಚ್ಚಾಯಿತು ಎಂದು ಎಲ್ಲರೂ ಹೇಳುವುದು ಇದಕ್ಕೇ, ಹುಟ್ಟಿದ್ದು ಹೆಚ್ಚಲ್ಲ, ಒಕ್ಕಲು ಬದಲಾದದ್ದು. ಏಣೆಲು, ಅಂದರೆ ಮಳೆಗಾಲದ ಮೊದಲ ಭತ್ತದ ಬೆಳೆ, ಹಾಲುಗಟ್ಟುವಾಗ ಗದ್ದೆಗೆ ವಾಪಸ್, ಆಗ ಮರಿಗಳ ಕಾಲ. ಕೊಯ್ಲು ಆದ ಮೇಲೆ ಊಟ ಇಲ್ಲ, ತೋಟದ ಕಡೆಗೆ ಬರುತ್ತವೆ. ಸುಗ್ಗಿ, ಕೊಳಕೆ ಎಂಬ ಎರಡನೆಯ, ಮೂರನೆಯ ಬೆಳೆ ಮಾಡುವವರು ಈಗ ಕಡಿಮೆ. ಗದ್ದೆ ಬಿತ್ತದೆ ಹಡಿಲು ಬಿದ್ದು ಹುಲ್ಲು ಎದೆಯೆತ್ತರ ಬೆಳೆದ ಕಡೆ ಇಲಿಗಳಿಗೆ ವರ್ಷವಿಡೀ ಮರೆ ಸಿಕ್ಕಿದೆ. ಬೇಸಿಗೆಯಲ್ಲಿ ತೋಡು ಬತ್ತಿದಾಗ ತೆಂಗಿನ ಎಳೆಕಾಯಿ ಮರದ ಇಲಿಗೆ ಊಟವೂ ಹೌದು, ನೀರೂ ಹೌದು. ಪ್ರತಿ ತಿಂಗಳು ಒಂದೇ ದಿನ ಬಿಲ ಎಣಿಸಿ, ಬಿದ್ದ ಕಾಯಿ ಎಣಿಸಿ ಬರೆದಿಡಿ. ಎರಡು ವರ್ಷದ ಪುಸ್ತಕ ಇದ್ದರೆ ಯಾವ ತಿಂಗಳಲ್ಲಿ ಎಲ್ಲಿ ನೋಡಬೇಕು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಗೂಬೆಯ ಉಂಡೆ ಬಿಡಿಸುವುದು

ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಹೃದಯದ ಆಕಾರದ ಬಿಳಿ ಮುಖದ ಕಣಜ ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು ಮೂಳೆಯನ್ನು ಉಂಡೆ ಮಾಡಿ ಉಗುಳುತ್ತದೆ. ಹಳೆ ಕಟ್ಟಡ, ದೊಡ್ಡ ಮರದ ಪೊಟರೆಯ ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಸಿಗುತ್ತವೆ. ಗ್ಲೌಸ್ ಹಾಕಿ ಹೆಕ್ಕಿ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಚಿಮುಟದಲ್ಲಿ ಬಿಡಿಸಿ. ತಲೆಬುರುಡೆಗಳು ಇಡಿಯಾಗಿ ಬರುತ್ತವೆ. ಕೇಸರಿ ಬಣ್ಣದ ಉದ್ದ ಬಾಚಿಹಲ್ಲು, ಹಿಂದೆ ಖಾಲಿ ಜಾಗ ಇದ್ದರೆ ಇಲಿ. ಬಿಳಿ ಚೂಪು ಹಲ್ಲು ಸಾಲಾಗಿ ಇದ್ದರೆ ಮೂಗಿಲಿ. ಒಂದೊಂದು ಉಂಡೆಯಲ್ಲಿ ಎರಡು ಮೂರು ಬುರುಡೆ ಸಿಕ್ಕಿದ್ದು ನೋಡಿದ ಮೇಲೆ, ಗುಮ್ಮ ಕೂಗಿದರೆ ಅಪಶಕುನ ಎಂದು ಕಲ್ಲು ಹೊಡೆಯಲು ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸು ಬರಲಿಲ್ಲ.

ತಿಳಿದ ಮೇಲೆ ಮಾಡುವ ಕೆಲಸ

ಬೆಳೆ ಉಳಿಸಿಕೊಳ್ಳಲೇಬೇಕು, ಅದರಲ್ಲಿ ಮುಚ್ಚುಮರೆ ಇಲ್ಲ. ಕಾಸರಗೋಡಿನಲ್ಲಿ 1916ರಿಂದಲೇ ತೆಂಗಿನ ಸಂಶೋಧನೆ ನಡೆಯುತ್ತಿದೆ, ಅಲ್ಲಿಂದ ಬೆಳೆದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೂಡ್ಲುವಿನಲ್ಲೇ ಇದೆ, ನಮಗೆ ಸಂಶಯ ಕೇಳಲು ದೂರ ಹೋಗಬೇಕಾಗಿಲ್ಲ.

ಮರದ ಇಲಿಗೆ ಮೊದಲ ಉಪಾಯ ತಗಡು. ಸುಮಾರು 40 ಸೆಂಟಿಮೀಟರ್ ಅಗಲದ ಜಿಂಕ್ ಶೀಟನ್ನು ನೆಲದಿಂದ 2 ಮೀಟರ್ ಎತ್ತರದಲ್ಲಿ ಮರಕ್ಕೆ ಸುತ್ತಿ ಕಟ್ಟಬೇಕು. ನುಣುಪು ತಗಡಿನಲ್ಲಿ ಅದರ ಉಗುರು ನಿಲ್ಲುವುದಿಲ್ಲ. ಆದರೆ ಮರದಿಂದ ಮರಕ್ಕೆ ಮಡಲು ತಾಗುತ್ತಿದ್ದರೆ ಇದು ಸುಳ್ಳು ಖರ್ಚು. ದಟ್ಟ ತೋಟದಲ್ಲಿ ಮೊದಲು ತಲೆ ಚೊಕ್ಕ ಮಾಡಿಸಿ, ಒಣ ಮಡಲು, ಹಳೆ ಕೊಂಬು, ನಾರು ತೆಗೆಸಿ, ಗೂಡು ಕಟ್ಟುವ ಜಾಗವೇ ಇಲ್ಲದ ಹಾಗೆ ಮಾಡಿ. ವರ್ಷಕ್ಕೆ ಎರಡು ಸಲ ಇದನ್ನು ಮಾಡಿದ ಮೇಲೆ ನಮ್ಮಲ್ಲಿ ಕಾಯಿ ಬೀಳುವುದು ಅರ್ಧಕ್ಕೆ ಇಳಿಯಿತು.

ಮನೆ ಮತ್ತು ಅಟ್ಟಕ್ಕೆ ತೂತು ಮುಚ್ಚುವುದೇ ಮದ್ದು. ನಮ್ಮ ಕಿರುಬೆರಳು ಹೋಗುವ ಸಂದಿಯಲ್ಲಿ ಚಿಟ್ಟಿಲಿ ಸಲೀಸಾಗಿ ನುಗ್ಗುತ್ತದೆ. ಸಿಮೆಂಟಿನ ಜೊತೆ ಗಾಜಿನ ಚೂರು ಅಥವಾ ತಂತಿ ಬಲೆ ಸೇರಿಸಿ ಮುಚ್ಚಿ. ಬೋನು ಇಡುವುದಾದರೆ ಮೊದಲ ನಾಲ್ಕು ದಿನ ಬಾಗಿಲು ಕಟ್ಟಿ ತೆರೆದೇ ಇಟ್ಟು ಊಟ ಹಾಕಿ, ಐದನೇ ದಿನ ಬಿಗಿ ಮಾಡಿ. ಸುಟ್ಟ ಕೊಬ್ಬರಿ, ಒಣಮೀನು ಎರಡೂ ನಡೆಯುತ್ತದೆ. ಬೋನನ್ನು ಗೋಡೆಗೆ ತಾಗಿಸಿ ಇಡಿ, ಅಂಗಳದ ನಡುವೆ ಇಟ್ಟರೆ ಅದು ಅಲ್ಲಿಗೆ ಬರುವುದೇ ಇಲ್ಲ.

ವಿಷ ಕೊನೆಯ ದಾರಿ. ಅಂಗಡಿಯಲ್ಲಿ ಸಿಗುವ ಹಳದಿ ರಂಜಕದ ಇಲಿ ಪೇಸ್ಟನ್ನು ಮನೆಯೊಳಗೆ ತರಲೇಬೇಡಿ, ಅದು ಮನುಷ್ಯರ ಹೊಟ್ಟೆಗೆ ಹೋದರೆ ಲಿವರು ಕೈಕೊಡುತ್ತದೆ. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಇಲಿ ವಿಷಕ್ಕೂ ಪ್ರತ್ಯೇಕ ಮದ್ದಿಲ್ಲ. ಬ್ರೊಮಾಡಿಯೋಲೋನ್ ಎಂಬ ವಿಷ ಬೆರೆಸಿದ ಮೇಣದ ತುಂಡು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಕೆಲವು ದಿನಗಳಲ್ಲಿ ಕೊಲ್ಲುತ್ತದೆ, ಅದಕ್ಕೆ ವಿಟಮಿನ್ ಕೆ ಮದ್ದಾಗಿದೆ. ತೆಂಗಿಗೆ ಇಡುವುದಾದರೆ ತಲೆಯಲ್ಲಿ ಮಡಲಿನ ಸಂದಿಯಲ್ಲಿ ಮಾತ್ರ ಇಡಿಸಿ. ಪ್ರತಿ ಮರಕ್ಕೂ ಬೇಡ, ಐದು ಮರಕ್ಕೆ ಒಂದರಲ್ಲಿ 10 ಗ್ರಾಂ, 12 ದಿನ ಬಿಟ್ಟು ಇನ್ನೊಮ್ಮೆ. ನೆಲದಲ್ಲಿ ಎರಚಬೇಡಿ. ವಿಷ ತಿಂದ ಇಲಿ ಸಾಯುವ ಮೊದಲು ಒಂದೆರಡು ದಿನ ಮಂಕಾಗಿ ಓಡಾಡುತ್ತದೆ, ಗೂಬೆಗೂ ನಿಮ್ಮ ಮನೆಯ ಬೆಕ್ಕಿಗೂ ಸುಲಭದ ತುತ್ತಾಗುತ್ತದೆ, ಆ ವಿಷ ಅವುಗಳ ಹೊಟ್ಟೆಗೂ ಹೋಗುತ್ತದೆ. ಸತ್ತದ್ದು ಕಂಡರೆ ಗ್ಲೌಸ್ ಹಾಕಿ ಎತ್ತಿ ಎರಡಡಿ ಆಳದಲ್ಲಿ ಹೂಳಿ.

ಬುಡದ ಆ ಹೆಗ್ಗಣದ ಬಿಲವನ್ನು ನಾನು ಈಗ ಹಾಗೇ ಬಿಟ್ಟಿದ್ದೇನೆ. ಮರಗೆಣಸಿನ ಸಾಲನ್ನು ಅದರಿಂದ ದೂರಕ್ಕೆ ಸರಿಸಿ ಸುತ್ತ ತಂತಿ ಬಲೆ ಹೂತಿದ್ದೇನೆ. ಕಳೆದ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಸಂಜೆ ಮುಚ್ಚಿದ್ದ ಬಾಯಿ ಬೆಳಿಗ್ಗೆ ತೆರೆದಿತ್ತು, ಪಕ್ಕದ ಹಂಚಿನ ಬೂದಿಯಲ್ಲಿ ದೊಡ್ಡ ಹೆಜ್ಜೆಯ ಜೊತೆ ಐದಾರು ಪುಟ್ಟ ಹೆಜ್ಜೆಗಳೂ ಇದ್ದವು.